ಗೊಡಚಿನಮಲ್ಕಿಯನ್ನು ಬೇಸಿಗೆಯಲ್ಲೂ ನೋಡಬೇಕು

ಆಷಾಢದ ಮಳೆ ಹಿಡಿದೊಡನೆ ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ಜನ ಕಿಕ್ಕಿರಿಯುತ್ತಾರೆ. ಅವರಲ್ಲಿ ಕೆಲವರು ಗೋಕಾಕದಿಂದ ಸುಮಾರು 15 ಕಿ.ಮೀ. ದೂರದ ಗೊಡಚಿನಮಲ್ಕಿಗೂ ವಾಹನ ತಿರುಗಿಸುವುದುಂಟು. ಮಾರ್ಕಂಡೇಯ ನದಿ ಇಲ್ಲಿ ಮೊದಲು ಸುಮಾರು 25 ಮೀಟರ್ ಧುಮುಕಿ, ಕಲ್ಲಿನ ಕಮರಿಯೊಳಗೆ ಹರಿದು, ಮತ್ತೆ ಸುಮಾರು 18 ಮೀಟರ್ ಇಳಿಯುತ್ತದೆ. ಘಟಪ್ರಭೆಯ 52 ಮೀಟರಿನ ಧಾರೆಯ ಮುಂದೆ ಇದು ಚಿಕ್ಕದು. ಆದರೆ ಚಿಕ್ಕದಾದುದರಿಂದಲೇ ಇಲ್ಲಿ ನೀರಿನೊಡನೆ ಕಲ್ಲೂ ಕಣ್ಣಿಗೆ ಬೀಳುತ್ತದೆ. ಕಲಾದಗಿ ಶಿಲಾಸಮೂಹದ ಆ ಗಡಸು ಮರಳುಗಲ್ಲು ಬಿರುಕುಗಳ ಗುಂಟ ತುಂಡುತುಂಡಾಗಿ ಕಳಚುವುದರಿಂದಲೇ ಕಮರಿಯ ಗೋಡೆಗಳು ಅಷ್ಟು ನೆಟ್ಟಗೆ ನಿಂತಿವೆ.

ನೋಡುಗರು ಇದನ್ನು ಕಾಡಿನ ಕೊಡುಗೆ ಎಂದು ಕರೆಯುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಪಶ್ಚಿಮ ಘಟ್ಟದ ಬೈಲೂರಿನ ಬಳಿ ಹುಟ್ಟುವ ಈ ನದಿಯನ್ನು ಮೊದಲು ಬೆಳಗಾವಿಯ ಕುಡಿಯುವ ನೀರಿಗಾಗಿ ರಾಕಸಕೊಪ್ಪದಲ್ಲಿ ತಡೆಯಲಾಗಿದೆ. ನಗರದ ಮಗ್ಗುಲನ್ನು ದಾಟಿ ಬಂದ ಮೇಲೆ ಹುಕ್ಕೇರಿ ತಾಲ್ಲೂಕಿನ ಶಿರೂರಿನಲ್ಲಿ ಇನ್ನೊಂದು ಅಣೆಕಟ್ಟು. ಅದರ ಬಾಗಿಲು ದಾಟಿದ್ದು, ಜೊತೆಗೆ ನಡುವಿನ ಹಳ್ಳಗಳು ತಂದದ್ದು, ಇಷ್ಟೇ ಗೊಡಚಿನಮಲ್ಕಿಯ ಪಾಲು.

ಅಣೆಕಟ್ಟು ಬೇಡವೆನ್ನುವುದು ಸುಲಭ. ಮಡ್ಡಿಯ ಹೊಲದಲ್ಲಿ ಮಳೆ ಕಾಯ್ದು ಕುಳಿತ ರೈತನ ಎದುರು ಹಾಗೆನ್ನುವುದು ಕಷ್ಟ. ಪ್ರಶ್ನೆ ಇರುವುದು ಪಾಲಿನಲ್ಲಿ. ವರ್ಷದ ಬಹುಭಾಗ ನೆಲದಲ್ಲಿರುವ ಕಬ್ಬು ಬೇಸಿಗೆಯುದ್ದಕ್ಕೂ ನೀರು ಬೇಡುತ್ತದೆ. ಹಿಂಗಾರಿ ಜೋಳ, ಕಡಲೆಗಳು ಎರೆಮಣ್ಣಿನ ಹಸಿಯಲ್ಲೇ ಬಹುಮಟ್ಟಿಗೆ ಬೆಳೆದು ಮುಗಿಯುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಬಯಲು ಕಬ್ಬಿಗೆ ಒಲಿದಷ್ಟೂ ನದಿಯ ಪಾತ್ರಕ್ಕೆ ಉಳಿಯುವುದು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಕಮರಿಯ ಮಡುಗಳೇ ಮೀನುಗಳಿಗೆ ಆಸರೆ. ಆ ಮಡುಗಳು ಬತ್ತಿದರೆ ಮುಂದಿನ ಮಳೆಗಾಲದ ಸಂತತಿ ಎಲ್ಲಿಂದ ಬರಬೇಕು? ನೀರು ಹಂಚುವ ಲೆಕ್ಕದಲ್ಲಿ ನದಿಗೂ ಒಂದು ಕಿರುಧಾರೆಯನ್ನು ಬರೆದಿಡಬೇಕೆಂದು ಕೇಳುವುದು ದುರಾಸೆಯೇನಲ್ಲ.

ಇದೇ ನದಿ 2019ರ ಆಗಸ್ಟಿನಲ್ಲಿ ಬೇರೆ ರೂಪ ತೋರಿತು. ಘಟಪ್ರಭೆ, ಮಾರ್ಕಂಡೇಯಗಳೆರಡೂ ಉಕ್ಕಿ ಗೋಕಾಕ ಪಟ್ಟಣದ ಮನೆಗಳಿಗೆ ನೀರು ನುಗ್ಗಿತು. ತುಂಬಿದ ಅಣೆಕಟ್ಟು ಬಂದ ನೀರನ್ನು ಕೆಳಕ್ಕೆ ಬಿಡಲೇಬೇಕು. ಆದ್ದರಿಂದ ಗೊಡಚಿನಮಲ್ಕಿಯ ಮೇಲೆ ಬಿಸಿಲಿದ್ದರೂ ಕಮರಿಯಲ್ಲಿ ನೀರು ಏರಬಹುದು. ಪಾಚಿಗಟ್ಟಿದ ಬಂಡೆಯ ಅಂಚಿನಲ್ಲಿ ಮೊಬೈಲ್ ಹಿಡಿದು ನಿಲ್ಲುವ ಹುಡುಗರಿಗೆ ಈ ಸಂಗತಿಯನ್ನು ಹೇಳುವವರು ಯಾರು? ಅವರು ಒಡೆದು ಬಿಟ್ಟುಹೋದ ಬಾಟಲಿಯ ಚೂರುಗಳೂ ನೆರೆಯೊಂದಿಗೆ ಇಳಿದು ಕೆಳಗಿನ ಹೊಲದವರ ಕಾಲಿಗೆ ಸಿಗುತ್ತವೆ.

ಕಾಂಕ್ರೀಟಿನ ಮೆಟ್ಟಿಲು, ಕಮಾನುಗಳ ಬೇಡಿಕೆಗಿಂತ ಮೊದಲು ಇಲ್ಲಿ ಆಗಬೇಕಾದದ್ದು ಅಗ್ಗದ ಕೆಲಸ. ಶಿರೂರಿನಿಂದ ಆ ದಿನ ಎಷ್ಟು ನೀರು ಬಿಡಲಾಗಿದೆ ಎಂಬುದನ್ನು ಊರ ಬಾಯಲ್ಲಿ ಒಂದು ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಮಳೆಗಾಲದಲ್ಲಿ ಅದು ಪ್ರವಾಸಿಗೆ ಎಚ್ಚರಿಕೆ. ಮಾಘ, ಫಾಲ್ಗುಣದಲ್ಲಿ ಪ್ರವಾಸ ಬರುವ ಶಾಲೆಯ ಮಕ್ಕಳು ಅದೇ ಹಲಗೆಯ ಅಂಕಿಯನ್ನು ಪುಸ್ತಕದಲ್ಲಿ ಗುರುತಿಸಿಕೊಂಡು, ಕಮರಿಗಿಳಿದು ಎಷ್ಟು ಮಡುಗಳು ಉಳಿದಿವೆ ಎಂದು ಎಣಿಸಿ ಬರಲಿ.