ಪನ್ ಅಂದ್ರೆ ಮೂಗು ಮುರಿಯೋರಿಗೆ

ಯಾರಾದ್ರೂ ಪನ್ ಮಾಡಿದ್ರೆ ಸಾಕು, "ಅಯ್ಯೋ ಪಿಜೆ!" ಅಂತ ಮೂಗು ಮುರಿಯೋದು ಬುದ್ಧಿವಂತರ ಲಕ್ಷಣ ಆಗಿಬಿಟ್ಟಿದೆ. ಅದನ್ನೇ ಶ್ಲೇಷೆ ಅಂತ ಕರೆದು ಹಳಗನ್ನಡ ಕಾವ್ಯದಲ್ಲಿ ತೋರಿಸಿದ್ರೆ ಇದೇ ಜನ ಕೈಮುಗೀತಾರೆ. ಇನ್ನು ಕೆಲವರ ತಕರಾರು, ಎರಡು ಭಾಷೆ ಬೆರೆಸಿ ಪನ್ ಮಾಡಿದ್ರೆ ಕನ್ನಡ ಕೆಡುತ್ತಂತೆ. (ಇಂಗ್ಲಿಷ್ ಬೆರೆಸಿದ ಕೈಲಾಸಂ ನಾಟಕಕ್ಕೆ ಬಿದ್ದು ಬಿದ್ದು ನಗೋರೂ ಇವರೇ!)

ನಾನು ಇಬ್ರಾಹಿಂಪುರದವ. ನಮ್ಮ ವಿಜಾಪುರದಾಗ ಪನ್ ಮೇಲೆ ಒಂದು ಊರನ್ನೇ ಕಟ್ಟಿದ್ರು ನೋಡ್ರಿ. ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗೆ 'ನೌರಸ್' ಅನ್ನೋ ಪದದ ಹುಚ್ಚು. ದಖನಿಯಲ್ಲಿ ಬರೆದ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್'. 1599ರಲ್ಲಿ ತೊರವಿ ಹತ್ತಿರ ಕಟ್ಟಲು ಶುರು ಮಾಡಿದ ಊರು ನೌರಸ್‌ಪುರ, ನಮ್ಮ ಬಾಯಲ್ಲಿ ನವರಸಪುರ. ಸಂಸ್ಕೃತ ಬಲ್ಲ ಕಿವಿಗೆ ಅದು ಒಂಬತ್ತು ರಸ. ಫಾರ್ಸಿ ಬಲ್ಲ ಕಿವಿಗೆ 'ನೌ' ಅಂದ್ರೆ ಹೊಸದು, 'ರಸ್' ಅಂದ್ರೆ ಬಂದದ್ದು. ಅಂದ್ರೆ ಈಗಷ್ಟೇ ಕೈಗೆ ಬಂದ ಹಣ್ಣಿನಂಥ ತಾಜಾ. ಪಂಡಿತನೂ ತಲೆದೂಗಬೇಕು, ಆಸ್ಥಾನದ ಫಾರ್ಸಿ ಕವಿ ಜಹೂರಿಯೂ ತಲೆದೂಗಬೇಕು. ಇದರಲ್ಲಿ ಯಾವ ಭಾಷೆ ಕೆಟ್ಟಿತು ಹೇಳಿ?

1624ರಲ್ಲಿ ಮಲಿಕ್ ಅಂಬರ್ ಆ ಊರನ್ನು ಹಾಳುಗೆಡವಿದ. ಸಂಗೀತ ಮಹಲಿನ ಕಮಾನುಗಳು ಉಳಿದಿವೆ, ಜೊತೆಗೆ ಪನ್ನೂ...

ಹಾಗಂತ ಎಲ್ಲ ಪನ್ನೂ ಚಿನ್ನ ಅಂತಲ್ಲ. ಶಬ್ದ ಮಾತ್ರ ಹೊಂದಿ, ಎರಡನೇ ಅರ್ಥ ವಾಕ್ಯದಲ್ಲಿ ನಿಲ್ಲದಿದ್ರೆ ಅದು ಕಂಪೈಲ್ ಆಗಿ ರನ್ ಆಗದ ಕೋಡ್. ಅಂಥದ್ದನ್ನ ಬೈಯಿರಿ, ನಾನೂ ದನಿಗೂಡಿಸ್ತೀನಿ. ಎರಡೂ ಕಡೆ ಓಡೋ ಪನ್ನಿಗೂ ಪಿಜೆ ಅನ್ನೋರು ಒಮ್ಮೆ ತೊರವಿ ಕಡೆ ಬರ್ರಿ, ಅಲ್ಲೇ ಕೂತು ಜಗಳಾಡೋಣ.