ಸಪಾಟು ಛಾವಣಿಯ ಕೊಟೇಶನ್‌ಗೆ ಸಹಿ ಹಾಕುವ ಮುನ್ನ

ಮನೆ ಕೊಂಡಾಯಿತು, 401ಕೆ ತುಂಬುತ್ತಿದೆ, ಮುಂದೇನು? ನಮ್ಮವರಲ್ಲಿ ಅನೇಕರು ಕಂಡುಕೊಳ್ಳುವ ಉತ್ತರ: ನಾಲ್ಕು ಸ್ನೇಹಿತರು ಸೇರಿ ಎಲ್‌ಎಲ್‌ಸಿ ಮಾಡಿ ಒಂದು ಸ್ಟ್ರಿಪ್ ಮಾಲ್ ಕೊಳ್ಳುವುದು. ನಾವೂ ಅದನ್ನೇ ಮಾಡಿದೆವು. ನಾನಿರುವುದು ವರ್ಜೀನಿಯಾದಲ್ಲಿ, ಒಬ್ಬರು ಶಾರ್ಲೆಟ್‌ನಲ್ಲಿ, ಇನ್ನಿಬ್ಬರು ಅಟ್ಲಾಂಟಾದಲ್ಲಿ. ಕಟ್ಟಡ ಇರುವುದೂ ಅಟ್ಲಾಂಟಾ ಹೊರವಲಯದಲ್ಲೇ. ಬಾಡಿಗೆ, ಕ್ಯಾಪ್ ರೇಟ್, ಸಾಲದ ಬಡ್ಡಿ ಎಲ್ಲವನ್ನೂ ಲೆಕ್ಕ ಹಾಕಿದ್ದೆವು. ಛಾವಣಿ ಹತ್ತಿ ನೋಡಿದವರು ಮಾತ್ರ ಯಾರೂ ಇಲ್ಲ.

ಮೂರನೇ ವರ್ಷ ಸೋರತೊಡಗಿತು. ಈ ಛಾವಣಿಗಳು ನೋಡಲು ನಮ್ಮೂರಿನ ತಾರಸಿಯಂತಿದ್ದರೂ ಮೇಲ್ಗಡೆ ಕಾಂಕ್ರೀಟ್ ಇರುವುದಿಲ್ಲ. ಉಕ್ಕಿನ ಡೆಕ್, ಅದರ ಮೇಲೆ ಫೋಮ್ ಇನ್ಸುಲೇಶನ್, ಅದರ ಮೇಲೆ ತೆಳುವಾದ ಒಂದು ಹಾಳೆ, ಅಷ್ಟೇ. ಇಳಿಜಾರು ಅಡಿಗೆ ಕಾಲು ಇಂಚಿನಷ್ಟು.

ಎರಡು ಕೊಟೇಶನ್ ಬಂದವು. ಹಳೆಯದರ ಮೇಲೆಯೇ ಹೊಸ ಹಾಳೆ ಹೊದಿಸಲು 90 ಸಾವಿರ ಡಾಲರ್, ಬಾಳಿಕೆ 10 ವರ್ಷ. ಪೂರ್ತಿ ಕಿತ್ತು ಹೊಸದು ಹಾಕಲು 150 ಸಾವಿರ, ಬಾಳಿಕೆ 20 ವರ್ಷ. ಒಬ್ಬ ಪಾಲುದಾರರ ಮಗಳು ಆ ವರ್ಷವೇ ಕಾಲೇಜಿಗೆ ಹೊರಟಿದ್ದಳು. ಇನ್ನಷ್ಟು ಬಂಡವಾಳ ಹಾಕಿ ಎಂದು ಅವರಿಗೆ ಹೇಳುವುದು ಹೇಗೆ? ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ಬಿಸಿಬಿಸಿ ಮಾತು ನಡೆಯಿತು.

ನಾನು ಎಕ್ಸೆಲ್ ತೆರೆದೆ. ಈಗ 90 ಸಾವಿರ. ಹತ್ತು ವರ್ಷದ ನಂತರ ಎರಡೂ ಪದರ ಕಿತ್ತು ಹೊಸದು ಹಾಕಲು 170 ಸಾವಿರ ಎಂದುಕೊಂಡೆ. ಶೇ. 8ರ ದರದಲ್ಲಿ ಇದರ ಇಂದಿನ ಮೌಲ್ಯ ಸುಮಾರು 79 ಸಾವಿರ. ಒಟ್ಟು 169. ಇಪ್ಪತ್ತನೇ ವರ್ಷಕ್ಕೆ ಆ ಛಾವಣಿಯಲ್ಲಿ ಉಳಿದಿರುವ ಅರ್ಧ ಆಯಸ್ಸಿನ ಮೌಲ್ಯ, ಇಂದಿನ ಲೆಕ್ಕದಲ್ಲಿ 18 ಸಾವಿರ, ಕಳೆದರೆ 151. ಅಂದರೆ ಎರಡೂ ಹೆಚ್ಚುಕಡಿಮೆ ಸಮ!

ತೀರ್ಮಾನ ಕೊಟ್ಟದ್ದು ಎಕ್ಸೆಲ್ ಅಲ್ಲ, ಚಾಕು. ಛಾವಣಿಯ ಮೂರು ಕಡೆ ಸಣ್ಣ ತುಂಡು ಕತ್ತರಿಸಿ ನೋಡಿಸಿದೆವು. ಅಲ್ಲಿ ಆಗಲೇ ಎರಡು ಪದರ ಇದ್ದವು, ಇನ್ಸುಲೇಶನ್ ಸ್ಪಂಜಿನಂತೆ ನೀರು ಕುಡಿದಿತ್ತು. ಈ ಎರಡರಲ್ಲಿ ಯಾವುದೊಂದು ಇದ್ದರೂ ಕಟ್ಟಡ ನಿಯಮದ ಪ್ರಕಾರ ಮೇಲೆ ಮತ್ತೊಂದು ಹೊದಿಸುವಂತಿಲ್ಲ. ಅಂದರೆ ಮೂರು ದಿನ ನಾವು ಕಿತ್ತಾಡಿದ್ದು ಇಲ್ಲದ ಆಯ್ಕೆಯೊಂದರ ಬಗ್ಗೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಮೊದಲು ತೇವದ ಪರೀಕ್ಷೆ, ಆಮೇಲೆ ಕೊಟೇಶನ್. ಸಾಧ್ಯವಾದರೆ ಕಟ್ಟಡ ಕೊಳ್ಳುವ ಮುಂಚೆಯೇ ಮಾಡಿಸಿ, ಬೆಲೆ ಚೌಕಾಸಿಗೂ ಆಗುತ್ತದೆ.

ಯಾವ ಹಾಳೆ ಎಂಬುದು ನಂತರದ ಪ್ರಶ್ನೆ. ಬಿಳಿ ಟಿಪಿಒ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಅಟ್ಲಾಂಟಾದ ಬೇಸಿಗೆಗೆ ಒಳ್ಳೆಯದು. ಆದರೆ ನಿಮ್ಮದು ಟ್ರಿಪಲ್ ನೆಟ್ ಲೀಸ್ ಆಗಿದ್ದರೆ ಕರೆಂಟ್ ಬಿಲ್ ಉಳಿತಾಯ ಹೋಗುವುದು ಬಾಡಿಗೆದಾರರಿಗೆ. ಅದನ್ನು ನಿಮ್ಮ ಲಾಭದ ಕಾಲಂನಲ್ಲಿ ಬರೆಯಬೇಡಿ. ಕಪ್ಪು ರಬ್ಬರಿನ ಇಪಿಡಿಎಂ ಹಳೆಯ ಕುದುರೆ, ಆದರೆ ಎಣ್ಣೆ ಜಿಡ್ಡು ಬಿದ್ದರೆ ಊದಿಕೊಳ್ಳುತ್ತದೆ. ನಮ್ಮಲ್ಲೊಂದು ದೋಸೆ ಹೋಟೆಲ್ ಇದೆ, ಅಡುಗೆಮನೆಯ ಹೊಗೆ ಹೊರಬರುವುದು ಛಾವಣಿಯ ಮೇಲೆ. ಜಿಡ್ಡು ತಡೆಯುವ ಪಿವಿಸಿ ಆರಿಸಿದೆವು. ಕೆರೊಲಿನಾ ಕರಾವಳಿಯಲ್ಲಾದರೆ ಹಾಳೆಗಿಂತ ಅದನ್ನು ಅಂಚು, ಮೂಲೆಗಳಲ್ಲಿ ಹೇಗೆ ಬಿಗಿದಿದ್ದಾರೆ ಎಂದು ಕೇಳಿ. ಗಾಳಿ ಎಬ್ಬುವುದು ಅಲ್ಲಿಂದಲೇ. ಒಳನಾಡು ಎಂದು ಧೈರ್ಯವೂ ಬೇಡ, 1989ರ ಹ್ಯೂಗೋ ಚಂಡಮಾರುತ ಶಾರ್ಲೆಟ್‌ವರೆಗೂ ಬಂದಿತ್ತು.

ತೆರಿಗೆ ವಿಷಯ. 2018ರಿಂದ ವಾಣಿಜ್ಯ ಕಟ್ಟಡದ ಹೊಸ ಛಾವಣಿಯ ಖರ್ಚನ್ನು ಸೆಕ್ಷನ್ 179ರ ಅಡಿ ಅದೇ ವರ್ಷ ಕಳೆಯಬಹುದು, ಇಲ್ಲವಾದರೆ 39 ವರ್ಷಕ್ಕೆ ಹಂಚಬೇಕು. ಇದನ್ನು ಕೇಳಿ ಕುಣಿಯಬೇಡಿ. ಕಾರ್ಪೊರೇಷನ್ ಅಲ್ಲದ ಬಾಡಿಗೆ ಮಾಲೀಕರಿಗೆ ಇದರಲ್ಲಿ ಬಿಗಿಯಾದ ಷರತ್ತುಗಳಿವೆ, ನಮ್ಮಂಥ ಎಲ್‌ಎಲ್‌ಸಿಗಳು ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತವೆ. ಸಹಿಗೆ ಮುಂಚೆ ಸಿಪಿಎಯನ್ನು ಕೇಳಿ.

ಕೊನೆಗೆ ಪೂರ್ತಿ ಕಿತ್ತೇ ಹಾಕಿಸಿದೆವು. ಆ ಸ್ನೇಹಿತರ ಪಾಲನ್ನು ಉಳಿದ ಮೂವರು ಸಾಲವಾಗಿ ಕೊಟ್ಟೆವು, ಬಡ್ಡಿ ಸಮೇತ, ಕಾಗದದ ಮೇಲೆ. ಅದರಿಂದಲೇ ಸ್ನೇಹ ಉಳಿಯಿತು ಎಂದು ನನ್ನ ನಂಬಿಕೆ.

150 ಸಾವಿರವನ್ನು 20 ವರ್ಷಕ್ಕೆ ಭಾಗಿಸಿದರೆ ತಿಂಗಳಿಗೆ 625 ಡಾಲರ್. ಮೊದಲ ಬಾಡಿಗೆ ಬಂದ ದಿನದಿಂದಲೇ ನಾವು ಅದನ್ನು ಬೇರೆ ಖಾತೆಗೆ ಹಾಕುತ್ತ ಬಂದಿದ್ದರೆ, ಮೂರನೇ ವರ್ಷಕ್ಕೆ ಕೈಯಲ್ಲಿ ಸ್ವಲ್ಪವಾದರೂ ಇರುತ್ತಿತ್ತು. ನೀವು ಹಾಕಿ.