ಮೀಟಿಂಗ್ ಕರೆದವರ ಗಂಟೇನು ಹೋಗುತ್ತೆ?

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದ 1944ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್‌ಎಸ್ ಒಂದು ಕೈಪಿಡಿ ತಯಾರಿಸಿತ್ತು. ಶತ್ರುಗಳ ಹಿಡಿತದಲ್ಲಿದ್ದ ಊರುಗಳ ಸಾಮಾನ್ಯ ಜನ ಬಾಂಬು ಬಂದೂಕು ಮುಟ್ಟದೆ ಅಲ್ಲಿನ ಆಡಳಿತವನ್ನು ಹಳ್ಳ ಹಿಡಿಸುವುದು ಹೇಗೆಂದು ಹೇಳಿಕೊಡುವ ಪುಸ್ತಕ ಅದು. ಕಾರ್ಖಾನೆಯವರಿಗೆ ಹತಾರಗಳನ್ನು ಮೊಂಡಾಗಲು ಬಿಡಿ ಎಂಬ ಸಲಹೆ. ಕಚೇರಿಯವರ ಪಾಲಿಗೆ ಬಂದದ್ದು ಇನ್ನೂ ಸುಲಭ: ಏನೇ ವಿಷಯ ಬರಲಿ ಸಮಿತಿಗೆ ಒಪ್ಪಿಸಿ, ಸಮಿತಿಯಲ್ಲಿ ಐವರಿಗಿಂತ ಕಡಿಮೆ ಇರದಂತೆ ನೋಡಿಕೊಳ್ಳಿ, ಹೋದ ಸಭೆಯಲ್ಲಿ ತೀರ್ಮಾನವಾದದ್ದನ್ನು ಮತ್ತೆ ಕೆದಕಿ, ತುರ್ತು ಕೆಲಸ ಇರುವಾಗಲೇ ಮೀಟಿಂಗ್ ಇಡಿ.

ಯಾವ ಗೂಢಚಾರನ ನೆರವೂ ಇಲ್ಲದೆ ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಇದೆಲ್ಲ ದಿನವೂ ಚಾಚೂ ತಪ್ಪದೆ ನಡೆಯುತ್ತದೆ.

ವೈಟ್‌ಫೀಲ್ಡಿನಲ್ಲೋ ಮಾನ್ಯತಾದಲ್ಲೋ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ದಿನ ನೋಡಿ. ಹತ್ತಕ್ಕೆ ಸ್ಟ್ಯಾಂಡ್‌ಅಪ್. ನಿಂತುಕೊಂಡೇ ಹದಿನೈದು ನಿಮಿಷದಲ್ಲಿ ಮುಗಿಸಲಿ ಎಂದು ಶುರುವಾದ ಪದ್ಧತಿ. ಈಗ ಎಲ್ಲರೂ ಕೂತೇ ಮುಕ್ಕಾಲು ಗಂಟೆ ಎಳೆಯುತ್ತಾರೆ. ಹನ್ನೊಂದೂವರೆಗೆ ಪ್ಲಾನಿಂಗ್, ಮೂರಕ್ಕೆ ಇನ್ನೊಂದು ತಂಡದ ಜತೆ ಸಿಂಕ್. ಕ್ಯಾಲಿಫೋರ್ನಿಯಾದವರು ಬೆಳಿಗ್ಗೆ ಒಂಬತ್ತಕ್ಕೆ ಸಿಕ್ಕರೆ ಇಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲವಾದರೆ ಹತ್ತೂವರೆ. ಕ್ಯಾಮೆರಾ ಆಫ್, ಮೈಕ್ ಮ್ಯೂಟ್, ಪರದೆಯ ಇನ್ನೊಂದು ಮೂಲೆಯಲ್ಲಿ ಅರ್ಧ ಬರೆದ ಕೋಡ್. ನಡುವೆ ತಮ್ಮ ಹೆಸರು ಕೇಳಿಸಿದರೆ ಗಡಬಡಿಸಿ ಅನ್‌ಮ್ಯೂಟ್ ಮಾಡಿ, 'ಸಾರಿ, ನೆಟ್‌ವರ್ಕ್ ಕೈಕೊಡ್ತು, ಇನ್ನೊಂದ್ಸಲ ಹೇಳ್ತೀರಾ?' ನೆಟ್‌ವರ್ಕ್ ಚೆನ್ನಾಗಿಯೇ ಇತ್ತೆಂದು ಎಲ್ಲರಿಗೂ ಗೊತ್ತು. ನಾಳೆ ಅವರೂ ಇದನ್ನೇ ಹೇಳಬೇಕಲ್ಲ, ಹಾಗಾಗಿ ಯಾರೂ ನಗುವುದಿಲ್ಲ.

ಮೀಟಿಂಗ್‌ಗೆ ಹೋದದ್ದು ನಾಲ್ಕು ಗಂಟೆ ತಾನೇ, ಉಳಿದ ನಾಲ್ಕು ಕೆಲಸಕ್ಕಿತ್ತಲ್ಲ ಎಂದು ಮ್ಯಾನೇಜರ್ ಕೇಳಬಹುದು. ಲೆಕ್ಕ ತಪ್ಪುವುದೇ ಅಲ್ಲಿ. ಪ್ರೋಗ್ರಾಮರ್ ಆಗಿದ್ದು ಆಮೇಲೆ ಹೂಡಿಕೆದಾರರಾದ ಪಾಲ್ ಗ್ರಹಾಂ 2009ರ ಪ್ರಬಂಧವೊಂದರಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಮ್ಯಾನೇಜರ್‌ಗೆ ದಿನವೆಂದರೆ ಗಂಟೆಗಂಟೆಯ ತುಂಡುಗಳು. ಬರೆಯುವವರಿಗೆ, ಕೋಡ್ ಕಟ್ಟುವವರಿಗೆ ಕಮ್ಮಿಯೆಂದರೂ ಅರ್ಧ ದಿನ ಒಟ್ಟಿಗೆ ಬೇಕು. ಮೂರಕ್ಕೆ ಇಟ್ಟ ಅರ್ಧ ಗಂಟೆಯ ಮೀಟಿಂಗ್ ಮಧ್ಯಾಹ್ನವನ್ನು ಎರಡು ಚೂರು ಮಾಡುತ್ತದೆ, ಎರಡೂ ದೊಡ್ಡ ಕೆಲಸಕ್ಕೆ ಸಾಲುವುದಿಲ್ಲ. ಅದೇ ವರ್ಷ ಸೋಫಿ ಲೆರಾಯ್ ಎಂಬ ಸಂಶೋಧಕಿ ಪ್ರಯೋಗ ಮಾಡಿ ತೋರಿಸಿದ್ದೂ ಇದಕ್ಕೆ ಹತ್ತಿರದ್ದೇ: ಅರ್ಧಕ್ಕೆ ಬಿಟ್ಟೆದ್ದ ಕೆಲಸದ ಗುಂಗು ಮುಂದಿನ ಕೆಲಸಕ್ಕೂ ಅಂಟಿಕೊಂಡು ಬಂದು ಅದನ್ನೂ ಕೆಡಿಸುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಮೀಟಿಂಗ್‌ಗಳು ಕಡಿಮೆಯಾಗದಿರಲು ಕಾರಣ ಸರಳ. ಕರೆಯುವವರಿಗೆ ಕಾಸು ಖರ್ಚಿಲ್ಲ. ಇಂಟೆಲ್ ಕಂಪನಿಯ ಆಂಡಿ ಗ್ರೋವ್ 1983ರಲ್ಲೇ ಇದನ್ನು ಗುರುತಿಸಿದ್ದರು: ಎರಡು ಸಾವಿರ ಡಾಲರಿನ ಜೆರಾಕ್ಸ್ ಯಂತ್ರ ಕೊಳ್ಳಲು ಮೇಲಿನವರ ಒಪ್ಪಿಗೆ ಬೇಕು, ಅಷ್ಟೇ ಹಣ ನುಂಗುವ ಮೀಟಿಂಗ್ ಕರೆಯಲು ಯಾರನ್ನೂ ಕೇಳಬೇಕಿಲ್ಲ. ಕೆನಡಾದ ಶಾಪಿಫೈ ಕಂಪನಿ ಈ ಬಿಟ್ಟಿ ವ್ಯವಸ್ಥೆಗೇ ಕೈಹಾಕಿತು. 2023ರ ಜನವರಿಯಲ್ಲಿ, ಇಬ್ಬರಿಗಿಂತ ಹೆಚ್ಚು ಜನ ಪದೇಪದೇ ಸೇರುತ್ತಿದ್ದ ಸಾವಿರಾರು ಮೀಟಿಂಗ್‌ಗಳನ್ನು ಕ್ಯಾಲೆಂಡರಿನಿಂದ ಒಂದೇ ಏಟಿಗೆ ಅಳಿಸಿತು. ಬುಧವಾರ ಮೀಟಿಂಗ್ ನಿಷಿದ್ಧ ಎಂದಿತು. ಆರು ತಿಂಗಳ ಬಳಿಕ ಕ್ಯಾಲೆಂಡರಿನಲ್ಲೇ ಖರ್ಚಿನ ಲೆಕ್ಕ ಕಾಣುವಂತೆ ಮಾಡಿತು. ಮೂವರು ಅರ್ಧ ಗಂಟೆ ಕೂತರೆ ಕಂಪನಿಗೆ 700ರಿಂದ 1,600 ಡಾಲರ್!

ಮೀಟಿಂಗ್ ಬೇಡವೇ ಬೇಡ ಎನ್ನುವುದು ಹುಂಬತನ. ಎರಡು ತಂಡಗಳ ಜಗಳ, ಹೊಸಬರ ಗೊಂದಲ ಎದುರುಬದುರು ಕೂತರೇ ಬಗೆಹರಿಯುವುದು. ಆದರೆ ಎಲ್ಲದಕ್ಕೂ ಮೀಟಿಂಗ್ ಕರೆದು, ಕೆಲಸದಿಂದ ತೆಗೆದ ಸುದ್ದಿಯನ್ನು ಮಾತ್ರ ಇ-ಮೇಲ್‌ನಲ್ಲಿ ಕಳಿಸುವ ಕಂಪನಿಗಳಿವೆಯಲ್ಲ, ಅವುಗಳ ವಿವೇಕಕ್ಕೆ ಏನೆನ್ನುವುದು?

ಐಟಿಯವರ ನಷ್ಟ ಹೇಗೋ ಗಿರಾಕಿಯ ಬಿಲ್ಲಿನಲ್ಲಿ ಸೇರಿಹೋಗುತ್ತದೆ. ಸರ್ಕಾರಿ ಕಚೇರಿಯಲ್ಲಿ ಅದನ್ನು ತೆರುವವರು ಬಾಗಿಲ ಹೊರಗೆ ನಿಂತಿರುತ್ತಾರೆ. 'ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ' ಎಂಬ ಮಾತು ಕೇಳದ ಕನ್ನಡಿಗರಿಲ್ಲ. ಒಂದು ದಿನ ಕೆಡಿಪಿ ಸಭೆ, ಇನ್ನೊಂದು ದಿನ ಜಿಲ್ಲಾ ಕೇಂದ್ರದಿಂದ ವಿಡಿಯೊ ಕಾನ್ಫರೆನ್ಸ್. ಇ-ಸ್ವತ್ತು ಅರ್ಜಿ ಹಿಡಿದು, ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬಂದವರ ಕಡತ ಮುಂದಕ್ಕೆ ಹೋಗುವುದಿಲ್ಲ, ಏಕೆಂದರೆ ಒಳಗೆ ಪ್ರಗತಿ ಪರಿಶೀಲನೆ ನಡೆಯುತ್ತಿರುತ್ತದೆ. ಅವರ ಕೂಲಿಯನ್ನು ಯಾವ ಕ್ಯಾಲೆಂಡರೂ ತೋರಿಸುವುದಿಲ್ಲ.

ವಾರದಲ್ಲಿ ಎರಡು ದಿನ ಬೆಳಗಿನ ಹೊತ್ತು ತಾಲ್ಲೂಕು, ಪಂಚಾಯಿತಿ ಅಧಿಕಾರಿಗಳನ್ನು ಯಾವ ಸಭೆಗೂ ಕರೆಯಬಾರದೆಂದು ಸರ್ಕಾರ ಆದೇಶ ಹೊರಡಿಸಲಿ. ಅದಕ್ಕೊಂದು ಪೂರ್ವಭಾವಿ ಸಭೆ ಬೇಡ, ಒಂದು ಪುಟದ ಸುತ್ತೋಲೆ ಸಾಕು.